ಗಾಜು ತಣಿಯುವಷ್ಟರಲ್ಲಿ ಕೋಲಾರ ಸುತ್ತಿದ್ದು

ಮೊದಲ ದಿನ: ಮಾಲೂರು

ಡಿಸೆಂಬರ್ ಕೊನೆಯ ವಾರ. ಹೊಸಕೋಟೆ ದಾಟಿ ಮಾಲೂರಿನ ಕಡೆ ತಿರುಗಿದರೆ ಒಂದು ಬದಿ ನೀಲಗಿರಿ ತೋಪು, ಇನ್ನೊಂದು ಬದಿ ಹೂವಿನ ಪಾಲಿಹೌಸು, ಆಮೇಲೆ ಒಂದರ ಹಿಂದೊಂದು ಇಟ್ಟಿಗೆ–ಹೆಂಚಿನ ಚಿಮಣಿ. ರಾಗಿ ಕೊಯ್ಲು ಮುಗಿದಿತ್ತು. ಡಾಂಬರು ರಸ್ತೆಯೇ ಕಣ. ತೆನೆ ಹರವಿಟ್ಟು ಹೋಗಿಬರುವ ಗಾಡಿಗಳಿಂದ ಒಕ್ಕಿಸಿಕೊಳ್ಳುತ್ತಿದ್ದರು. ಆ ಹುಲ್ಲಿನ ಮೆತ್ತೆ ನಮಗೂ ಒಳ್ಳೆಯದೇ ಆಯಿತು. ಹಿಂದಿನ ಸೀಟಿನಲ್ಲಿ ಬೆಡ್‌ಶೀಟ್ ಸುತ್ತಿ ಕೂರಿಸಿದ್ದು ಗಾಜು ಕರಗಿಸುವ ಒಂದು ಪುಟ್ಟ ವಿದ್ಯುತ್ ಗೂಡು. ಅದರ ಕಾಯಿಲ್ ಒಮ್ಮೆ ಕೆಂಪಗೆ ಕಾದಮೇಲೆ ಬಾಗುವ ಗುಣ ಕಳೆದುಕೊಳ್ಳುತ್ತದೆ, ಒಂದು ಗುಂಡಿ ಜೋರಾಗಿ ಹಾರಿದರೆ ತುಂಡು.

ಕೆಲಸ ಇಷ್ಟೇ. ಕಿಟಕಿಗೆ ಹಾಕುವ ಮಾಮೂಲಿ ಗಾಜಿನ ಎರಡು ಚೌಕಗಳ ನಡುವೆ ರಾಗಿ ಗರಿ, ಹಿಪ್ಪುನೇರಳೆ ಎಲೆ, ತಾಮ್ರದ ತೆಳು ತಗಡು ಇಟ್ಟು ಕರಗಿಸಿ ಒಂದಾಗಿಸುವುದು. ಒಳಗೆ ಏನು ಉಳಿಯಿತು, ಬೆಳಕಿಗೆ ಹಿಡಿದರೆ ಏನು ಕಾಣುತ್ತದೆ ಎಂದು ನೋಡುವುದು. ಕಾಯಿಸುವುದಕ್ಕೆ ಎಂಟು ಗಂಟೆ, ತಣಿಸುವುದಕ್ಕೆ ಅದರ ಎರಡರಷ್ಟಕ್ಕೂ ಮೇಲೆ. ಆ ತಣಿಯುವ ಹೊತ್ತಿನಲ್ಲಿ ಜಿಲ್ಲೆ ಸುತ್ತುವುದು ಅಂತ ಲೆಕ್ಕ.

ಪರಿಚಯದವರ ಹೆಂಚಿನ ಕಾರ್ಖಾನೆಯ ಹಿಂಬದಿ ಶೆಡ್ಡಿನಲ್ಲಿ ಗೂಡು ಇಳಿಸಿದೆವು. 2.4 ಕಿಲೋವಾಟ್, ಅಂದರೆ ಹತ್ತೂವರೆ ಆಂಪಿಯರ್. 15 ಆಂಪಿಯರ್ ಪ್ಲಗ್ಗು, 2.5 ಚದರ ಮಿ.ಮೀ. ತಂತಿ ಬೇಕೇ ಬೇಕು. ಬಲ್ಬಿನ ವಯರಿನಿಂದ ಎಳೆದರೆ ಗೂಡಿಗಿಂತ ಮೊದಲು ತಂತಿಯೇ ಕಾಯುತ್ತದೆ. ಒಳಗಿನ ತಟ್ಟೆಗೆ ಗಾಜು ಅಂಟದಿರಲು ಅಲ್ಯುಮಿನಾ ಹೈಡ್ರೇಟ್ ಮತ್ತು ಬಿಳಿ ಜೇಡಿಯ ಪುಡಿಯನ್ನು ಐದು ಪಾಲು ನೀರಿಗೆ ಒಂದು ಪಾಲು ಕದಡಿ, ಪ್ರತಿ ಸಲ ಬ್ರಷ್ಷಿನ ದಿಕ್ಕು ಬದಲಿಸುತ್ತ ನಾಲ್ಕು ಕೋಟು ಹೊಡೆದೆವು. ಪೂರ್ತಿ ಒಣಗುವ ಮೊದಲೇ ಗಾಜು ಇಟ್ಟರೆ ಆವಿ ಕೆಳಗಿನಿಂದ ಎದ್ದು ಗುಳ್ಳೆಯಾಗಿ ನಿಲ್ಲುತ್ತದೆ.

ಹೆಂಚು ಸುಡುವ ಹಿರಿಯರೊಬ್ಬರು ಬೀಡಿ ಹಿಡಿದುಕೊಂಡೇ ಇಣುಕಿದರು. “ಇಷ್ಟೇನಾ ಸಾಮಿ ಗೂಡು? ನಮ್ ಮನೆ ಒಲೇನೇ ಇದಕ್ಕಿಂತ ದೊಡ್ಡದೈತೆ.”

ಅವರ ಗೂಡಿನ ಗೋಡೆ ನೋಡಿದರೆ ಗಾಜಿಗೆ ಬೇರೆ ಪಾಠ ಬೇಡ. ಬೆಂಕಿ ನೇರ ತಾಗುವ ಕಡೆ ಇಟ್ಟಿಗೆಯ ಮೈ ಹಸಿರು–ಕಂದು ಹೊಳಪಾಗಿ ಕರಗಿ, ಜೇನಿನ ಹಾಗೆ ಇಳಿದು ಅಲ್ಲಲ್ಲೇ ಹೆಪ್ಪುಗಟ್ಟಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಸೌದೆಯ ಬೂದಿಯಲ್ಲಿರುವ ಪೊಟ್ಯಾಶ್ ಮತ್ತು ಸುಣ್ಣ ಹಾರಿ ಬಂದು ಮಣ್ಣಿನ ಸಿಲಿಕಾವನ್ನು ಕಡಿಮೆ ಶಾಖಕ್ಕೇ ಕರಗಿಸಿಬಿಡುತ್ತವೆ. ಬರೀ ಸಿಲಿಕಾ ಕರಗಬೇಕಾದರೆ 1700 ಡಿಗ್ರಿ ಬೇಕು. ಬೂದಿ ಸೇರಿದರೆ ಸಾವಿರ ಚಿಲ್ಲರೆಗೇ ಬೆಣ್ಣೆ.

ನಮ್ಮ ಗಾಜು 3 ಮಿ.ಮೀ. ದಪ್ಪ, 10 ಸೆಂ.ಮೀ. ಚೌಕ, ಎರಡೆರಡು ಪದರ. ಕರಗಿದ ಗಾಜು ಮೇಲ್ಮೈ ಸೆಳೆತದಿಂದ ತಾನಾಗಿಯೇ ಸುಮಾರು 6 ಮಿ.ಮೀ. ದಪ್ಪಕ್ಕೆ ಬಂದು ನಿಲ್ಲಲು ನೋಡುತ್ತದೆ. ಮೂರು ಮೂರು ಆರು ಇಟ್ಟರೆ ಅಂಚು ಹಾಗೇ ಉಳಿಯುತ್ತದೆ. ಒಂದೇ ಪದರ ಇಟ್ಟರೆ ಅಂಚು ಒಳಕ್ಕೆ ಸೆಳೆದುಕೊಂಡು ಮೂಲೆಗಳು ಮುಳ್ಳಿನಂತೆ ನಿಲ್ಲುತ್ತವೆ. ಇನ್ನೊಂದು ಮಾತು: ಕಿಟಕಿ ಗಾಜು ಕರಗಿದ ತವರದ ಮೇಲೆ ತೇಲಿಸಿ ಮಾಡಿದ್ದು, ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಹೊರತಂದ ವಿಧಾನ. ಹಾಗಾಗಿ ಒಂದು ಮೈಗೆ ತವರ ಹತ್ತಿರುತ್ತದೆ, ಬಾಗಿಸುವಾಗ ಆ ಮೈ ಮಂಕಾಗಬಹುದು. ಕತ್ತಲಲ್ಲಿ 254 ನ್ಯಾನೋಮೀಟರ್‌ನ ಯುವಿ ದೀಪ ಹಿಡಿದರೆ ತವರದ ಮೈ ಹಾಲಿನಂತೆ ಮಿನುಗುತ್ತದೆ. ನೋಟು ಪರೀಕ್ಷಿಸುವ ಟಾರ್ಚು ಇದಕ್ಕೆ ಆಗದು, ಅದರ ತರಂಗ ಬೇರೆ.

ರಾಗಿ ಗರಿಯನ್ನು ಎರಡು ದಿನ ಪುಸ್ತಕದಡಿ ಒತ್ತಿ ಒಣಗಿಸಿ ತಂದಿದ್ದೆವು. ಮೇಲಿನ ಗಾಜಿನ ನಾಲ್ಕು ಮೂಲೆಗೆ ಒಂದು ಮಿ.ಮೀ. ಸೆರಾಮಿಕ್ ಫೈಬರ್ ಕಾಗದದ ಚೂರು ಆನಿಸಿದೆವು. ಎಲೆ ಸುಟ್ಟ ಹೊಗೆ ಹೊರಗೆ ಹೋಗಲು ಸಂದಿ ಬೇಕಲ್ಲ. ಮೂರನೆಯದರಲ್ಲಿ ತಾಮ್ರ. ನಾಲ್ಕನೆಯದರ ಮೇಲೆ ಹಸಿರು ಬಿಯರ್ ಬಾಟಲಿಯ ಚೂರುಗಳು. ಇದು ಕೆಡುತ್ತದೆ ಎಂದು ಗೊತ್ತಿದ್ದೇ ಇಟ್ಟದ್ದು. ಮಿಕ್ಕ ಸಂದಿಯಲ್ಲಿ, ಯಾವುದಕ್ಕೂ ತಾಗದಂತೆ, ಚಿನ್ನ ಬೆರೆತ ಗಾಜಿನ ಬೆರಳಗಲದ ಒಂದು ಚಕ್ಕೆ. ಅದು ಕೊಳ್ಳುವಾಗ ಕೆಂಪಿರುವುದಿಲ್ಲ, ತೆಳು ಚಹಾದ ಬಣ್ಣ.

ಸಂಜೆ ನಾಲ್ಕಕ್ಕೆ ಗುಂಡಿ ಒತ್ತಿದೆವು. ಗಂಟೆಗೆ 100 ಡಿಗ್ರಿಯಂತೆ 500ಕ್ಕೆ ಹತ್ತಿ ಅಲ್ಲಿ 90 ನಿಮಿಷ. ಎಲೆಯ ಇಂಗಾಲ ಉರಿದುಹೋಗಬೇಕಾದ್ದು ಇಲ್ಲೇ, ಗಾಜು ಇನ್ನೂ ಗಟ್ಟಿ ಇರುವಾಗ. ಆಮೇಲೆ 650ರಲ್ಲಿ ಅರ್ಧ ಗಂಟೆ, ಪದರಗಳ ನಡುವಿನ ಗಾಳಿ ಹಿಂಡಿ ಹೊರಬೀಳಲು. ಅಲ್ಲಿಂದ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ 820, ಹತ್ತು ನಿಮಿಷ. ಆಮೇಲೆ 550ಕ್ಕೆ ಇಳಿಸಿ ಒಂದು ಗಂಟೆ ನಿಲ್ಲಿಸಿ ನಿಧಾನವಾಗಿ ತಣಿಸುವುದು. ಇದಕ್ಕೇ ಅನೀಲಿಂಗ್ ಅನ್ನುವುದು.

ಇದನ್ನೆಲ್ಲ ಕೇಳಿ ಹೆಂಚಿನ ಹಿರಿಯರು ತಲೆ ಆಡಿಸಿದರು. “ನಮ್ದೂ ಅಷ್ಟೇಯ. ಬಾಗ್ಲು ಬ್ಯಾಗ ತೆಗೆದ್ರೆ ಟಪ್ ಅಂತೈತೆ. ಸುಡಾಕೆ ಯಾರಾನಾ ಸುಡ್ತಾರೆ.” ಅವರ ಹೆಂಚು ಸಿಡಿಯುವುದು 573 ಡಿಗ್ರಿಯ ಆಸುಪಾಸು, ಮಣ್ಣಿನೊಳಗಿನ ಬೆಣಚಿನ ಹರಳು ಅಲ್ಲಿ ರಾಚನಿಕವಾಗಿ ಬದಲಾಗಿ ತಟ್ಟನೆ ಕುಗ್ಗುತ್ತದೆ. ಗಾಜಿನಲ್ಲಿ ಹರಳೇ ಇಲ್ಲ, ಅದರ ಗಂಡಾಂತರವೂ ಸುಮಾರು ಅದೇ ಶಾಖದಲ್ಲಿ, ಆದರೆ ಕಾರಣ ಬೇರೆ: ಹೊರಮೈ ಮೊದಲು ಗಟ್ಟಿಯಾಗಿ ಒಳಗು ಆಮೇಲೆ ಕುಗ್ಗಲು ಹೊರಟರೆ ಎರಡರ ನಡುವಿನ ಎಳೆದಾಟ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ರಾತ್ರಿ ಅವರ ಮನೆಯಲ್ಲೇ ಬಿಸಿ ಮುದ್ದೆ, ಹಿತಕಿದ ಅವರೆಬೇಳೆ ಸಾರು. ಈ ಕಾಲದಲ್ಲಿ ಕೋಲಾರದ ಕಡೆ ಹೋದವರು ಬೇರೇನಾದರೂ ತಿಂದು ಬಂದರೆ ಅದು ಅವರ ಕರ್ಮ.

ಹನ್ನೊಂದೂವರೆಗೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬಿಟ್ಟರು. ಸಾವಿರ ಅಡಿಗೂ ಆಳದ ಬೋರ್‌ವೆಲ್‌ಗಳು ಒಟ್ಟಿಗೇ ಎಳೆದದ್ದಕ್ಕೆ ವೋಲ್ಟೇಜು 230ರಿಂದ 190ಕ್ಕೆ ಬಿತ್ತು. ಕಾಯಿಲ್ಲಿನ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ: 2.4 ಕಿಲೋವಾಟ್ ಇದ್ದದ್ದು 1.6ರ ಹತ್ತಿರ. ಅರ್ಧ ಗಂಟೆಯಲ್ಲಿ 820 ಮುಟ್ಟಬೇಕಿದ್ದ ಗೂಡು ಒಂದೂಕಾಲು ಗಂಟೆ ಏದುಸಿರು ಬಿಟ್ಟಿತು. ಕಿಟಕಿ ಗಾಜು 730 ದಾಟಿದ ಮೇಲೆ ಹೀಗೆ ತಡವರಿಸಿದರೆ ಮೇಲ್ಮೈಯಲ್ಲಿ ಹರಳು ಕಟ್ಟಲು ಶುರುವಾಗಿ ಹಾಲಿನ ಕೆನೆಯಂಥ ಪೊರೆ ಬರುತ್ತದೆ. ಹಳ್ಳಿಯಲ್ಲಿ ಗೂಡು ಹಚ್ಚುವವರು ಆ ಊರಿನ ಪಂಪ್‌ಸೆಟ್ ವೇಳೆ ಕೇಳಿಕೊಂಡು ಸಮಯ ಇಟ್ಟುಕೊಳ್ಳುವುದು ಲೇಸು.

ಅಷ್ಟಕ್ಕೇ ಮುಗಿಯಲಿಲ್ಲ. 550ರಲ್ಲಿ ನಿಲ್ಲಿಸಿ ಹತ್ತು ನಿಮಿಷ ಆಗಿರಬೇಕು, ಕರೆಂಟು ಹೋಯಿತು. ಕಾವಲಿಗಿದ್ದವರು ತೂಕಡಿಸುತ್ತಿದ್ದರು. ಅರ್ಧ ಗಂಟೆಗೆ ಕರೆಂಟು ಬಂತು, ಗೂಡು ಮಾತ್ರ ಎದ್ದೇಳಲಿಲ್ಲ. ಕಂಟ್ರೋಲರ್‌ನಲ್ಲಿ ‘ಕರೆಂಟು ಬಂದಮೇಲೆ ಮುಂದುವರಿಸು’ ಎಂಬ ಆಯ್ಕೆ ಆಫ್ ಆಗಿತ್ತು.

ಎರಡನೆಯ ದಿನ: ಕೆ.ಜಿ.ಎಫ್.

ಬೆಳಗ್ಗೆ ಆರೂವರೆಗೆ ನೋಡಿದರೆ ಪರದೆ 180 ತೋರಿಸುತ್ತಿತ್ತು. ಇಂಥ ಹೊತ್ತಿನಲ್ಲಿ ಮುಚ್ಚಳ ತೆಗೆದು ನೋಡುವ ಚಪಲ ಎಲ್ಲರಿಗೂ ಬರುತ್ತದೆ, ತೆಗೆದರೆ ಕೆಟ್ಟಿತು. ಗಾಜು ಒಡೆಯದೆ ಉಳಿದಿದ್ದರೆ ಈ ತಪ್ಪಿಗೆ ಮದ್ದಿದೆ: ಮತ್ತೆ ನಿಧಾನವಾಗಿ, ಗಂಟೆಗೆ 75 ಡಿಗ್ರಿ ಮೀರದಂತೆ, 550ಕ್ಕೆ ಏರಿಸುವುದು. ಒಳಗೆ ಆಗಲೇ ಎಳೆದಾಟ ಇರುವ ಗಾಜಿಗೆ ನಿನ್ನೆಯ ವೇಗ ಜಾಸ್ತಿ. ಅಲ್ಲಿ ಒಂದು ಗಂಟೆ. ಗಂಟೆಗೆ 50ರಂತೆ 480ಕ್ಕೆ ಇಳಿಸಿ, ಚಿನ್ನದ ಗಾಜಿಗೋಸ್ಕರ ಅಲ್ಲಿ ಮುಕ್ಕಾಲು ಗಂಟೆ (ಅದು ಹದಕ್ಕೆ ಬರುವುದು ಆ ಶಾಖದಲ್ಲಿ). ಹಾಗೇ 370ರ ತನಕ. ಒಬ್ಬರು ಗೂಡಿನ ಹತ್ತಿರ ಉಳಿದರು. ಉರಿಯುತ್ತಿರುವ ಗೂಡನ್ನು ಒಂಟಿ ಬಿಟ್ಟು ಹೋಗಬಾರದು. ಮಿಕ್ಕ ಇಬ್ಬರು ಮಾರಿಕುಪ್ಪಂ ರೈಲು ಹತ್ತಿದೆವು.

ಟೇಕಲ್‌ನ ಬಂಡೆಗುಡ್ಡ ಮಂಜಿನಲ್ಲಿ ಅರ್ಧ ಮುಳುಗಿತ್ತು. ಬಂಗಾರಪೇಟೆ ಕಳೆದು ರೈಲು ಎಡಬಲ ಓಲಾಡುತ್ತ ಚಿನ್ನದ ಗಣಿ ಪ್ರದೇಶ ಹೊಕ್ಕರೆ ಕಿಟಕಿಯ ತುಂಬ ಸೈನೈಡ್ ದಿಬ್ಬ. ಗಿಡಮರವಿಲ್ಲದ, ಮೇಲೆ ಚಪ್ಪಟೆಯಾದ, ಮಳೆ ಕೊರೆದ ಬೂದುಹಳದಿ ಗುಡ್ಡಗಳು. ಬೆಣಚುಕಲ್ಲು ಅರೆದು ಸೈನೈಡ್ ದ್ರಾವಣದಲ್ಲಿ ಚಿನ್ನ ಎಳೆದುಕೊಂಡ ಮೇಲೆ ಮಿಕ್ಕ ಪುಡಿ. ಗಾಜಿನ ಕೆಲಸದವರಿಗೆ ಇದನ್ನು ನೋಡಿದರೆ ಆಸೆ ಹುಟ್ಟುವುದು ಸಹಜ: ಅರೆದಿಟ್ಟ ಸಿಲಿಕಾ, ಅದೂ ಪುಕ್ಕಟೆ! ಮುಟ್ಟಬಾರದು. ಸೈನೈಡಿನ ಶೇಷದ ಮಾತು ಹಾಗಿರಲಿ, ಗಂಧಕ ಬೆರೆತ ಖನಿಜಗಳು ಮತ್ತು ಆರ್ಸೆನಿಕ್ ಗೂಡಿಗೆ ಹೋದರೆ ಹೊಗೆಯಾಗಿ ನಮ್ಮ ಮೂಗಿಗೇ ಬರುತ್ತವೆ. ಗಂಧಕದಿಂದ ಗಾಜಿನ ತುಂಬ ಗುಳ್ಳೆ, ಕಬ್ಬಿಣದಿಂದ ಕಪ್ಪು ಹಸಿರು. ಇಷ್ಟು ನುಣುಪಾದ ಬೆಣಚಿನ ಧೂಳು ಶ್ವಾಸಕೋಶಕ್ಕೂ ಕೇಡು. ಗಾಳಿ ಬೀಸಿದಾಗ ಊರಿಗೂರೇ ಇದನ್ನು ಕುಡಿಯುತ್ತದೆ ಎನ್ನುವುದು ಬೇರೆ ದುಃಖ.

ಗಣಿ ನಿಂತದ್ದು 2001ರ ಫೆಬ್ರುವರಿ ಕೊನೆಗೆ. ಚಾಂಪಿಯನ್ ಕಡೆ ಒಂದು ಚಹಾದಂಗಡಿಯಲ್ಲಿ ಕೂತಾಗ ಕೆಳಗಿಳಿದು ದುಡಿದಿದ್ದ ಒಬ್ಬರು ಸಿಕ್ಕರು. ಅರ್ಧ ತಮಿಳು, ಅರ್ಧ ಕನ್ನಡ. ಮೂರು ಕಿಲೋಮೀಟರ್ ಆಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ದಾಟುತ್ತಿತ್ತು, ಅದನ್ನು ಹೇಳುತ್ತಾರೇನೋ ಅಂದುಕೊಂಡರೆ ಅವರು ಹೇಳಿದ್ದು ಬಂಡೆ ಸಿಡಿಯುವ ಕಥೆ. “ಕಲ್ಲು ಸುಮ್ನೆ ಇರ್ತದೆ ಸಾರ್. ನಾವು ಕೊರ್ದು ಜಾಗ ಮಾಡ್ತೀವಿ. ಅವಾಗ ಒಳಗಡೆ ಟಿಕ್ ಟಿಕ್ ಅಂತದೆ. ಟಿಕ್ ಅಂದ್ರೆ ಓಡ್ಬೇಕು.” ಮೇಲಿನ ಬೆಟ್ಟದ ಭಾರ ಹೊತ್ತು ಹಿಡಿದಿಟ್ಟುಕೊಂಡಿದ್ದ ಒತ್ತಡ, ಪಕ್ಕದ ಆಸರೆ ತೆಗೆದ ಕೂಡಲೇ ಗುಂಡು ಹೊಡೆದಂತೆ ಸಿಡಿಯುತ್ತಿತ್ತು. ಇಂಥ ಸಿಡಿತಕ್ಕೆ ಈ ಗಣಿ ಹೆಸರುವಾಸಿ. ಗಾಜಿನಲ್ಲೂ ನಡೆಯುವುದು ಅದೇ, ಅಳತೆ ಮಾತ್ರ ಅಂಗೈಯಗಲ. ಹೊರಗಿಂದ ಮುಟ್ಟಿದರೆ, ಬಡಿದರೆ, ತೂಗಿದರೆ ಏನೂ ಗೊತ್ತಾಗದು.

ಇದೇ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ (ಬಂಡೆಯನ್ನೂ ತೂರಿಹೋಗುವ ಅತಿ ಸೂಕ್ಷ್ಮ ಕಣಗಳ) ಸುಳಿವು ಹಿಡಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ ಮಾಡಿದ ಕೆಲಸ. ನಮಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಅವರ ಸಲಕರಣೆ: ನಿಯಾನ್ ಅನಿಲ ತುಂಬಿ ಬಾಯಿ ಮುಚ್ಚಿದ ಗಾಜಿನ ಕೊಳವೆಗಳ ಸಾಲು ಸಾಲು. ನ್ಯೂಟ್ರಿನೋ ಸುತ್ತಲಿನ ಬಂಡೆಗೆ ಬಡಿದು ಹುಟ್ಟಿಸಿದ ಕಣ ಕೊಳವೆಗಳನ್ನು ತೂರಿಹೋದ ಮರುಕ್ಷಣ ಹೆಚ್ಚಿನ ವೋಲ್ಟೇಜಿನ ಒಂದು ಏಟು ಕೊಟ್ಟರೆ, ಕಣ ಹಾದುಹೋದ ಕೊಳವೆಗಳು ಮಾತ್ರ ಮಿಂಚುತ್ತವೆ. ಕ್ಯಾಮೆರಾ ಆ ಸಾಲನ್ನು ಹಿಡಿಯುತ್ತದೆ. ಪರೀಕ್ಷೆಗೆಂದು ಮಾಡಿದ್ದರೂ ಕತ್ತಲ ಗುಹೆಯಲ್ಲಿ ಎಂದೋ ಒಮ್ಮೆ ಕೆಂಪಗೆ ಮಿನುಗುವ ಆ ಗಾಜಿನ ಗೋಡೆಗಿಂತ ದೊಡ್ಡ ಕಲಾಕೃತಿಯನ್ನು ಈ ಜಿಲ್ಲೆಯಲ್ಲಿ ಯಾರೂ ನಿಲ್ಲಿಸಿಲ್ಲ ಎಂದೇ ನಮ್ಮ ಅಭಿಪ್ರಾಯ. ಈಗ ಕೆಳಗಿಳಿಯಲು ದಾರಿಯಿಲ್ಲ, ಮೇಲೆ ನಿಂತು ತುಕ್ಕು ಹಿಡಿದ ಗಣಿಬಾಯಿಯ ಗೋಪುರ ನೋಡಿ ಬರಬೇಕು.

ಚಿನ್ನದ ಗಾಜಿನ ಲೆಕ್ಕ ಹಾಕಿದ್ದೂ ಆ ಚಹಾದಂಗಡಿಯಲ್ಲೇ. ಒಂದು ಕಿಲೋ ಗಾಜು ಕೆಂಪಾಗಲು ಸುಮಾರು 200 ಮಿಲಿಗ್ರಾಂ ಚಿನ್ನ ಸಾಕು, ಮೂಗುತಿಗಿಂತ ಕಮ್ಮಿ. ಈ ದಿಬ್ಬಗಳಲ್ಲಿ ಉಳಿದಿರುವುದು ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ. ಅಂದರೆ ಆ 200 ಮಿಲಿಗ್ರಾಮಿಗೆ 200 ಕಿಲೋಗೂ ಹೆಚ್ಚು ಪುಡಿ ತೊಳೆಯಬೇಕು. ಚಿನ್ನವನ್ನು ಆಮ್ಲಗಳ ಮಿಶ್ರಣದಲ್ಲಿ ಕರಗಿಸಿ ಗಾಜಿನ ಹುಡಿಗೆ ಬೆರೆಸುತ್ತಾರೆ. ಬೇಗ ತಣಿದರೆ ಗಾಜಿಗೆ ಕೆಂಪು ಬಣ್ಣವೇ ಇಲ್ಲ. ಮತ್ತೆ ಕಾಯಿಸಿದಾಗ ಚದುರಿದ್ದ ಚಿನ್ನದ ಪರಮಾಣುಗಳು ಒಂದಕ್ಕೊಂದು ಸೇರಿ ನ್ಯಾನೋಮೀಟರ್ ಲೆಕ್ಕದ ಕಣಗಳಾಗುತ್ತವೆ. ಅವು ಹಸಿರು ಬೆಳಕನ್ನು ನುಂಗಿ ಕೆಂಪನ್ನು ಬಿಟ್ಟುಕೊಡುತ್ತವೆ. ಚಿನ್ನ ಇಷ್ಟು ಸಣ್ಣಗಾದರೆ ಹಳದಿಯಾಗಿ ಉಳಿಯುವುದಿಲ್ಲ ಎಂದು ಮೈಕೆಲ್ ಫ್ಯಾರಡೆ 1857ರಲ್ಲೇ ತೋರಿಸಿದ್ದ. ಕಾಯಿಸಿದ್ದು ಅತಿಯಾದರೆ ಕಣಗಳು ದಪ್ಪವಾಗಿ ಕೆಂಪು ಹೋಗಿ ಕೆಸರು ಕಂದಾಗುತ್ತದೆ.

ಸಂಜೆ ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ. ಇಲ್ಲಿನ ಪಾನಿಗೆ ಹಸಿರಿಲ್ಲ, ಲೋಟದಲ್ಲಿ ಹಿಡಿದರೆ ಕುಡಿಯುವ ನೀರೇ ಅನ್ನಬೇಕು. ನಂಬಿ ಒಂದು ಗುಟುಕು ಜಾಸ್ತಿ ಕುಡಿದರೆ ಮೂಗು ಕಿವಿ ಎರಡರಲ್ಲೂ ಹೊಗೆ. ರಾತ್ರಿ ಹತ್ತಕ್ಕೆ ಗೂಡು 90 ತೋರಿಸಿತು. ಮುಟ್ಟದೆ ಮಲಗಿದೆವು.

ಮೂರನೆಯ ದಿನ: ಅಂತರಗಂಗೆ

ಐದು ಗಂಟೆಗೆ ತೆಗೆದೆವು. ಎಲ್ಲಕ್ಕಿಂತ ಮೊದಲು ಕಣ್ಣು ಹೋದದ್ದು ರಾಗಿ ಗರಿಗೆ. ಹಸಿರು ಹೋಗಿ, ಕಪ್ಪೂ ಹೋಗಿ, ಗಾಜಿನೊಳಗೆ ಬೂದಿಯ ಬಿಳಿ ಗೆರೆಗಳು ಉದ್ದಕ್ಕೂ ಒಂದರ ಪಕ್ಕ ಒಂದು. ಅಂಚಿನ ಗರಗಸವೂ ಉಳಿದಿತ್ತು. ಟಾರ್ಚನ್ನು ಪಕ್ಕದಿಂದ ಬಿಟ್ಟರೆ ಗೆರೆಗಳು ಹೊತ್ತಿಕೊಳ್ಳುತ್ತವೆ, ನೇರ ಹಿಡಿದರೆ ಮಾಯ. ಹುಲ್ಲಿನ ಜಾತಿಯ ಗಿಡಗಳು ಮಣ್ಣಿನಿಂದ ಸಿಲಿಕಾ ಎಳೆದು ಎಲೆಯಲ್ಲಿ ತುಂಬಿಕೊಳ್ಳುತ್ತವೆ. ಉರಿದಮೇಲೂ ಆ ಎಲುಬುಗೂಡು ನಿಲ್ಲುತ್ತದೆ. ಭತ್ತ, ಬಿದಿರಿನ ಎಲೆಯೂ ಆದೀತು. ಹಿಪ್ಪುನೇರಳೆಯದು ಎಡವಟ್ಟು: ರಸಭರಿತ ಎಲೆ, ಒಂದೇ ದಿನ ಒಣಗಿಸಿದ್ದು, ಮಧ್ಯದಲ್ಲಿ ನಿಂಬೆಗಾತ್ರದ ಗುಳ್ಳೆ ಎದ್ದು ಸುತ್ತ ಬೂದು ಮಸಿ. ತಾಮ್ರದ ತಗಡು ಅಂಚಿನಲ್ಲಿ ಕಡುಗೆಂಪು, ಸುತ್ತಲಿನ ಗಾಜಿಗೆ ನವಿಲುಬಣ್ಣದ ಛಾಯೆ. ಆದರೆ ಅದೇ ಚೌಕದ ಮೇಲೆ, ವೋಲ್ಟೇಜಿನ ಕೃಪೆಯಿಂದ, ಕೆನೆಪೊರೆ. ಇದಕ್ಕೆ ಬಿಸಿನೀರಿನಲ್ಲಿ ಬೋರಾಕ್ಸ್ ಕರಗಿಸಿ ತೆಳ್ಳಗೆ ಸವರಿ ಮತ್ತೆ 800ರ ಹತ್ತಿರ ಸುಡಬೇಕು. ಚಿನ್ನದ ಚಕ್ಕೆ ದಾಳಿಂಬೆ ಕಾಳಿನಂತೆ ಕೆಂಪಾಗಿತ್ತು. ಬಾಟಲಿ ಚೂರಿನ ಚೌಕವೂ ಒಂದು ಬಿರುಕಿಲ್ಲದೆ ಅಚ್ಚುಕಟ್ಟಾಗಿ ಹೊರಬಂದು ನಮ್ಮನ್ನು ಅಣಕಿಸಿತು.

ಎಲ್ಲವನ್ನೂ ಹಳೆ ಪೇಪರಿನಲ್ಲಿ ಸುತ್ತಿಕೊಂಡು ಕೋಲಾರದ ಪಶ್ಚಿಮಕ್ಕಿರುವ ಶತಶೃಂಗ ಬೆಟ್ಟಕ್ಕೆ ಹೊರಟೆವು. ಬೆಟ್ಟವೇ ಬೇಕೆಂದಿಲ್ಲ, ಬೇಕಾದದ್ದು ತೆರೆದ ನೀಲಿ ಆಕಾಶ. ಒಳಗಿನ ಒತ್ತಡ ಕಾಣಬೇಕಾದರೆ ಗಾಜನ್ನು ಒಂದಕ್ಕೊಂದು ಅಡ್ಡ ಹಿಡಿದ ಎರಡು ಪೋಲರಾಯ್ಡ್‌ಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆಗಳ) ನಡುವೆ ಇಟ್ಟು ನೋಡಬೇಕು. ಒತ್ತಡವಿಲ್ಲದ ಕಡೆ ಕತ್ತಲೆ, ಇರುವ ಕಡೆ ಬೆಳಕು. ಸೂರ್ಯನಿಂದ 90 ಡಿಗ್ರಿ ಆಚೆಯ ಆಕಾಶದ ಬೆಳಕು ತಾನಾಗಿಯೇ ಬಹುಪಾಲು ಧ್ರುವೀಕೃತ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವಂಥದ್ದು, ಹಾಗಾಗಿ ಒಂದು ಪೋಲರಾಯ್ಡ್ ಪುಕ್ಕಟೆ. ಸೂರ್ಯನಿಗೆ ಭುಜ ಕೊಟ್ಟು ನಿಂತು ಎದುರಿನ ಆಕಾಶ ನೋಡಿದರಾಯಿತು. ಇನ್ನೊಂದಕ್ಕೆ ಪೋಲರೈಸ್ಡ್ ತಂಪು ಕನ್ನಡಕ.

ಅಂತರಗಂಗೆಯ ಮೆಟ್ಟಿಲು ಹತ್ತಿ ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿ ಮುಟ್ಟಿದಾಗ ಏಳೂವರೆ. ಮಂಜು ಇನ್ನೂ ಬಿಟ್ಟಿರಲಿಲ್ಲ. ಮಂಜಿನಲ್ಲಿ ಬೆಳಕು ಹತ್ತಾರು ಸಲ ಚದುರಿ ಧ್ರುವೀಕರಣ ಕೆಟ್ಟುಹೋಗುತ್ತದೆ. ಕಾಯುತ್ತ ಕೂತೆವು. ಎಂಟೂಕಾಲಕ್ಕೆ ಉತ್ತರದ ಆಕಾಶ ತೆರೆದುಕೊಂಡಿತು. ಕನ್ನಡಕ ವಾರೆ ಮಾಡಿ ಆಕಾಶ ಕಪ್ಪಾಗುವ ಕೋನ ಹುಡುಕಿ, ರಾಗಿ ಗರಿಯ ಚೌಕ ಎತ್ತಿ ಹಿಡಿದರೆ ಒಳಗೆಲ್ಲ ಒಂದೇ ಸಮ ಕತ್ತಲೆ. ಎರಡನೆಯ ಸಲ ಕಾಯಿಸಿದ್ದು ಸಾರ್ಥಕ. ಬಾಟಲಿಯದನ್ನು ಎತ್ತಿದಾಗ ಪ್ರತಿ ಹಸಿರು ಚೂರಿನ ಸುತ್ತಲೂ ದೀಪಕ್ಕೆ ಕಟ್ಟಿದ ಪ್ರಭೆಯಂತೆ ಬಿಳಿಬೂದು ಉಂಗುರ. ತಣಿಸಿದ್ದು ತಪ್ಪಿದ್ದರೆ ಬೆಳಕು ಅಂಚು ಮೂಲೆಗಳಲ್ಲಿ, ಗಾಜಿನ ಆಕಾರವನ್ನು ಹಿಡಿದು ಕಾಣುತ್ತಿತ್ತು, ಮತ್ತೆ ಕಾಯಿಸಿದರೆ ಹೋಗುತ್ತಿತ್ತು. ಚೂರಿಗೆ ಅಂಟಿಕೊಂಡ ಉಂಗುರ ಎಂದರೆ ಎರಡು ಗಾಜು ಹಿಗ್ಗುವ–ಕುಗ್ಗುವ ಪ್ರಮಾಣವೇ ಬೇರೆ ಎಂದರ್ಥ, ನೂರು ಸಲ ಹದವಾಗಿ ತಣಿಸಿದರೂ ಹೋಗದು. ಯಾವುದೇ ಎರಡು ಗಾಜು ಬೆರೆಸುವ ಮೊದಲು ಗುಲಗಂಜಿಯಷ್ಟು ಚೂರು ಕರಗಿಸಿ ಹೀಗೆ ನೋಡಿಕೊಂಡರೆ ಆಮೇಲಿನ ಗೋಳು ತಪ್ಪುತ್ತದೆ.

ಫೋಟೋ ತೆಗೆಯಲೆಂದು ಕನ್ನಡಕವನ್ನು ಕಟ್ಟೆಯ ಮೇಲೆ ಇಟ್ಟದ್ದೇ ತಪ್ಪು. ಒಂದು ಕೋತಿ ಅದನ್ನು ಎತ್ತಿಕೊಂಡು ಗೋಡೆಯೇರಿ, ಒಂದು ಕಡ್ಡಿ ಕಚ್ಚಿ ಮುರಿದು, ಗಾಜಿನ ಮೂಲಕ ನಮ್ಮನ್ನೇ ಒಮ್ಮೆ ನೋಡಿತು. ಹೂ ಮಾರುವ ಅಜ್ಜಿ, “ಕಡ್ಲೆಕಾಯಿ ತೋರ್ಸಪ್ಪಾ, ಬಿಸಾಕ್ತದೆ” ಅಂದರು. ತೋರಿಸಿದೆವು. ಕಡಲೆಕಾಯಿ ತಗೊಂಡಿತು, ಕನ್ನಡಕ ಬಿಡಲಿಲ್ಲ.

ಮಿಕ್ಕದ್ದನ್ನು ಕಾರಿನಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಎಲ್‌ಸಿಡಿ ಪರದೆಯ ಬೆಳಕೂ ಧ್ರುವೀಕೃತವೇ; ಖಾಲಿ ಬಿಳಿ ಪುಟ ತೆರೆದು ಮುಂದೆ ಗಾಜು ಹಿಡಿದು, ಕ್ಯಾಮೆರಾದ ಪೋಲರೈಸಿಂಗ್ ಫಿಲ್ಟರ್‌ನಿಂದ ನೋಡುವುದು. ಫಿಲ್ಟರ್‌ನ ತಿರುಪಿನ ಮೈ ಕಣ್ಣಿನ ಕಡೆಗಿರಬೇಕು, ಮಗುಚಿ ಹಿಡಿದರೆ ಏನೂ ಕಪ್ಪಾಗದು. ತಾಮ್ರದ ತಗಡಿನ ಸುತ್ತ ತೀರಾ ತೆಳು ಬೆಳಕು ಕಂಡಿತು. ಅಷ್ಟು ತೆಳ್ಳಗಿನ ಲೋಹ ಗಾಜಿನ ಎಳೆತಕ್ಕೆ ತಾನೇ ಬಗ್ಗಿಕೊಳ್ಳುವುದರಿಂದ ಭಯವಿಲ್ಲ.

ವಾಪಸ್ ಬರುತ್ತ ಶಿವಾರಪಟ್ಟಣದಲ್ಲಿ ನಿಲ್ಲಿಸಿದೆವು. ಬೀದಿಗೆ ಬೀದಿಯೇ ಉಳಿಯ ಸದ್ದು. ಒಬ್ಬ ಶಿಲ್ಪಿ ಕೃಷ್ಣಶಿಲೆಯ ಮೂರ್ತಿಯ ಕೆನ್ನೆಗೆ ನೀರು ಚಿಮುಕಿಸಿ ಸಾಣೆ ಹಿಡಿಯುತ್ತಿದ್ದರು. ನಮ್ಮ ಚೌಕದ ಅಂಚು ಸವರಿ ನೋಡಿ, ಒಂದು ಕಾರ್ಬೊರಂಡಮ್ ಕಲ್ಲು ಕೊಟ್ಟು ಉಜ್ಜಿಕೊಳ್ಳಿ ಎಂದರು. ಕಲ್ಲಿಗೂ ಗಾಜಿಗೂ ಕ್ರಮ ಒಂದೇ: 120, 220, 400, 600 ಹೀಗೆ ಪುಡಿ ನುಣ್ಣಗಾಗುತ್ತ ಹೋಗಬೇಕು, ಪ್ರತಿ ಹಂತಕ್ಕೂ ಕೈ, ಗಾಜು, ತಟ್ಟೆ ಪೂರ್ತಿ ತೊಳೆಯಬೇಕು. 220ರ ಒಂದೇ ಕಾಳು 600ಕ್ಕೆ ದಾಟಿದರೂ ಗೀರು ಬಿದ್ದೇ ಬೀಳುತ್ತದೆ. ನೀರು ಬಿಟ್ಟು ಒಣಗಾಜು ಉಜ್ಜುವ ಮಾತೇ ಇಲ್ಲ. ಕೊನೆಯ ಹೊಳಪಿಗೆ ಗಾಜಿನವರು ಸೀರಿಯಮ್ ಆಕ್ಸೈಡನ್ನು ಫೆಲ್ಟಿಗೆ ಹಚ್ಚುತ್ತಾರೆ. “ನಮ್ಗೆ ಎಣ್ಣೆ ಸಾಕು” ಎಂದು ನಕ್ಕರು.

ಹೊಸಕೋಟೆ ಇನ್ನೂ ದೂರವಿತ್ತು. ಹಿಂದಿನ ಸೀಟಿನ ಪೇಪರ್ ಪೊಟ್ಟಣದೊಳಗೆ ಟಿಣ್ ಅಂತ ಒಂದು ಸದ್ದು. ಗಾಡಿ ಗುಂಡಿಗೆ ಬಿದ್ದಿರಲಿಲ್ಲ, ಯಾರೂ ಮುಟ್ಟಿರಲಿಲ್ಲ. ಬದಿಗೆ ನಿಲ್ಲಿಸಿ ಬಿಚ್ಚಿದೆವು. ಬಾಟಲಿ ಚೂರಿನ ಚೌಕ ಎರಡು ಹೋಳು. ಬಿರುಕು ನೆಟ್ಟಗೆ ಹೋಗಿರಲಿಲ್ಲ, ದೊಡ್ಡ ಹಸಿರು ಚೂರಿನವರೆಗೆ ಬಂದು, ಬೆಳಿಗ್ಗೆ ಉಂಗುರ ಕಂಡಿದ್ದ ಕಡೆಯೇ ಅದನ್ನು ಅರ್ಧ ಸುತ್ತು ಹಾಕಿ, ಆಚೆ ಅಂಚಿಗೆ ಇಳಿದಿತ್ತು.